ಅಳಿವೆಗೆ ಹೋಗೂದಾ, ಕಾಂಡ್ಲಕ್ಕೆ ಹೋಗೂದಾ

ಅಲ್ಲಾ ಸಾನಿಕಾ, ಮೊಬೈಲಿನ ಹವಾಮಾನದಲ್ಲಿ ಸೂರ್ಯನ ಚಿತ್ರ ಬಂದಿತ್ತು ಅಂದ ಮಾತ್ರಕ್ಕೆ ಸಮುದ್ರಕ್ಕೂ ಆ ಚಿತ್ರ ಕಂಡಿರ್ತದಾ? ನಾನೂ ಹಂಗೇ ನಂಬಿದ್ದೆ ಒಂದ್ಸಲ. ನಂಬಿದ್ದೆ ಅಂದ್ರೆ, ಅಲ್ಲ, ನಂಬಿರ್ಲಿಲ್ಲ, ನಂಬಬೇಕು ಅಂತ ಮನಸ್ಸಿದ್ದಿತ್ತು, ಅದು ಬೇರೆ ವಿಷ್ಯ. ಕೂತ್ಕೋ ಇಲ್ಲಿ. ದಿವ್ಯಾನೂ ಕರಿ. ಈ ಬಲೆ ತುದಿ ಸ್ವಲ್ಪ ಬಿಗಿಯಾಗಿ ಹಿಡ್ಕಳಿ ಇಬ್ರೂ, ಹರಿದದ್ದು ಹೊಲಿತಾ ಹೇಳ್ತೆ. ನಾಳೆ ಬೆಳಿಗ್ಗೆ ಕಯಾಕ್ ತಕಂಡು ಎಲ್ಲಿ ಹೋಗೂದು ಅಂತ ಕೇಳಿದ್ಯಲ್ಲಾ ನೀನು, ಅದಕ್ಕೆ ಒಂದು ಮಾತಲ್ಲಿ ಉತ್ರ ಹೇಳೂಕೆ ಆಗೂದಿಲ್ಲ ಮಗಾ. ಆ ಉತ್ರ ಕಲಿಯೂಕೆ ನಾನು ಹೊಟ್ಟೆ ತುಂಬ ಉಪ್ಪುನೀರು ಕುಡ್ದೆ.

ಕೊರೊನಾ ಬಂದಿತ್ತಲ್ಲ, ಆ ವರ್ಷದ ಮಳೆಗಾಲ. ನಿಮ್ಗೆ ಎಂತ ನೆನಪಿರ್ತದೆ, ದಿವ್ಯಾ ಆಗ ಗೋಡೆ ಹಿಡ್ಕಂಡು ನಡೀತಿದ್ಳು, ನೀವು ಅಪ್ಪ ಅಮ್ಮನ ಜೊತೆ ಬೇರೆ ಊರಲ್ಲಿದ್ರಿ. ನಿಮ್ಮ ಅಜ್ಜ ಅದಕ್ಕಿಂತ ಮೊದ್ಲೇ ಬೋಟಿನ ಮೇಲಿಂದ ಜಾರಿ ಬಿದ್ದು ಸೊಂಟ ಮುರ್ಕಂಡು ಮಂಚ ಹಿಡ್ದಿದ್ರು. ಮುತ್ತಜ್ಜಿ, ಅಂದ್ರೆ ನನ್ನ ಅತ್ತೆ, ಆಗ ಬದ್ಕಿದ್ರು, ಕಣ್ಣು ಕಾಣ್ತಿರ್ಲಿಲ್ಲ, ನಾಲಗೆ ಮಾತ್ರ ಕತ್ತಿ ಹಂಗೆ. ನಾನು ಇಲ್ಲೇ ದೇವಬಾಗದ ದಂಡೆಲಿ ಒಂದು ರಿಸಾರ್ಟಲ್ಲಿ ಅಡುಗೆಗೆ ಹೋಗ್ತಿದ್ದೆ. ಅದು ಬಾಗ್ಲು ಹಾಕ್ತು. ಎಲ್ಲಾ ಬಾಗ್ಲು ಹಾಕ್ತು ಬಿಡು, ಪ್ಯಾಟೆಗೆ ಹೋಗೂಕಿಲ್ಲ, ಬಸ್ಸಿಲ್ಲ. ಅಕ್ಕಿ ಇದ್ದಿತ್ತು, ರೇಶನ್ ಅಕ್ಕಿ, ಅದಕ್ಕೆ ಸುಳ್ಳು ಹೇಳೂದಿಲ್ಲ. ಆದ್ರೆ ಬರೀ ಗಂಜಿ, ಬರೀ ಗಂಜಿ, ಮತ್ತೂ ಬರೀ ಗಂಜಿ. ಒಣಮೀನಿನ ಡಬ್ಬಿ ತಳ ಕಂಡಿತ್ತು. ಮಳೆಗಾಲದಲ್ಲಿ ಕಾಳಿ ಹೊಳೆ ಕೆಂಪು ನೀರು ತರ್ತದೆ, ಹೊಳೆಲಿ ಬೆಳಚು, ಅದೇ ಚಿಪ್ಪಿನ ಮೀನು, ತೆಗೆಯೂಕೂ ಬರೂದಿಲ್ಲ. ಅತ್ತೆ ಊಟಕ್ಕೆ ಕೂತ್ರೆ ಬಟ್ಲು ಮುಟ್ಟಿ ನೋಡೂದು, "ಇಂದೂ ಏನೂ ಇಲ್ವನೇ?" ಅನ್ನೂದು. ಅಷ್ಟೇ. ಬೈದ್ರೆ ತಡ್ಕಳ್ಬಹುದು, ಅದನ್ನ ತಡ್ಕಳೂಕೆ ಆಗ್ತಿರ್ಲಿಲ್ಲ ನನ್ಗೆ.

ನಮ್ಮ ಪಾತಿ, ಅದೇ ಸಣ್ಣ ಮರದ ದೋಣಿ, ಅಜ್ಜ ಬಿದ್ದ ಮೇಲೆ ಯಾರೂ ನೋಡ್ದೆ ಬಿಸ್ಲಿಗೆ ಒಡ್ದು ಹೋಗಿತ್ತು. ಆದ್ರೆ ರಿಸಾರ್ಟಿನವ್ರು ಬಾಗ್ಲು ಹಾಕುವಾಗ ಎರಡು ಕಯಾಕ್ ನಮ್ಮ ಅಂಗಳದಲ್ಲಿ ಇಟ್ಟು ಹೋಗಿದ್ರು, "ಗುಲಾಬಿಬಾಯಿ, ನೋಡ್ಕಳಿ, ಬೇಕಾದ್ರೆ ನೀವೂ ಉಪಯೋಗ್ಸಿ" ಅಂದಿದ್ರು. ಹಳದಿ ಪ್ಲಾಸ್ಟಿಕ್ಕು. ಪ್ಯಾಟೆ ಹುಡುಗ್ರು ಕೂತು ಫೋಟೊ ತೆಗ್ಸಿಕೊಳ್ಳೂದು. ನಾನು ದಿನಾ ಅದ್ರ ಮೇಲೆ ಬಟ್ಟೆ ಒಣ್ಗಿಸ್ತಿದ್ದೆ! ಒಂದಿನ ಸೀರೆ ತೆಗಿತಾ ನೋಡ್ದೆ, ಅರೆ, ಇದು ದೋಣಿಯೇ ಅಲ್ವಾ? ನನ್ನ ತವರು ಅಂಕೋಲೆ ಕಡೆ, ನನ್ನ ಅಪ್ಪನಿಗೆ ಗಂಡುಮಕ್ಳಿರ್ಲಿಲ್ಲ, ಹತ್ತು ವರ್ಷಕ್ಕೇ ನನ್ನ ಕೈಗೆ ಹುಟ್ಟು ಕೊಟ್ಟಿದ್ದ ಅಂವ. ಮದ್ವೆ ಆದ್ಮೇಲೆ ಬಿಟ್ಟೆ. ಬಿಟ್ಟೆ ಅಂದ್ರೆ, ಬಿಡ್ಸಿದ್ರು. ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬೆಳಚು ತೆಗೀಬಹುದು, ಬುಟ್ಟಿ ಹೊತ್ತು ಊರೂರು ತಿರ್ಗಿ ಮೀನು ಮಾರ್ಬಹುದು, ದೋಣಿ ಹತ್ತಿದ್ರೆ ಮಾತ್ರ ಸಮುದ್ರಕ್ಕೆ ಮೈಲಿಗೆ ಆಗ್ತದಂತೆ. ಯಾರು ಹೇಳಿದ್ದು ಅಂತ ಕೇಳಿದ್ರೆ ಯಾರೂ ಹೇಳಿದ್ದಲ್ಲ.

ಮೊದ್ಲು ನಾಲ್ಕು ದಿನ ಕಯಾಕ್ ತಕಂಡು ಮನೆ ಹಿಂದಿನ ಕಾಂಡ್ಲಗಿಡದ ಹತ್ರ, ಅದೇ ಉಪ್ಪುನೀರಲ್ಲಿ ಬೇರು ಬಿಟ್ಟು ನಿಂತ ಗಿಡ, ಅಲ್ಲಿ ಕೂತು ಗಾಳ ಹಾಕ್ದೆ. ಎರಡು ಮೀನು, ಮೂರು ಮೀನು, ಸಾರಿಗೆ ಸಾಕು. ಪಕ್ಕದ ಮನೆ ಪುರ್ಸು, ನಿಮ್ಗೆ ಗೊತ್ತಲ್ಲ, ದೊಡ್ಡ ಮೀಸೆ ಪುರ್ಸು, ನನ್ನ ವೈನಿ, ಅಂದ್ರೆ ಅತ್ತಿಗೆ ಅಂತ ಕರೆಯೂವಂವ, ದಂಡೆಲಿ ಎಲ್ಲರ ಎದ್ರಿಗೆ, "ವೈನೀ, ಆಟದ ಸಾಮಾನು ಚಲೋ ಉಂಟು! ಹೊರಗೆ ಸಮುದ್ರದಲ್ಲಿ ನೊಗ್ಲಿ ಮೀನು ರಾಶಿ ಬಿದ್ದದೆ, ನೀವು ಇಲ್ಲೇ ಕೆಸ್ರಲ್ಲಿ ಕಪ್ಪೆ ಹಿಡ್ಕಂಡು ಕೂತ್ಕಳಿ" ಅಂದ. ಎಲ್ಲಾ ನಕ್ರು. ಹೋ ಅಂತ ನಕ್ರು. ಆ ರಾತ್ರಿಯೇ ಗಾಳದ ಪೆಟ್ಟಿ ತುಂಬ್ಸಿಟ್ಟೆ, ನಾಳೆ ಹೊರಗೇ ಹೋಗೂದು ಅಂತ.

ಮಾರನೆ ದಿನ ಬೆಳಿಗ್ಗೆ ಮೊಬೈಲ್ ನೋಡ್ದೆ, ಸೂರ್ಯನ ಚಿತ್ರ. ಆಕಾಶಾನೂ ತೊಳ್ದಿಟ್ಟಂಗೆ ಇದ್ದಿತ್ತು. ಅಜ್ಜ ಮಂಚದ ಮೇಲಿಂದ, "ಏ ಗುಲಾಬಿ, ಇಂದು ಅಳಿವೆ ಕಡೆ ಹೋಗ್ಬೇಡ, ಸದ್ದು ಕೇಳಿದ್ಯಾ? ತೆರೆ ದಂಡೆಲಿ ಒಡಿತಿಲ್ಲ, ದೂರ ಒಡಿತದೆ" ಅಂದ್ರು. ನಾನು, "ನೀವು ಮಲಗಿದಲ್ಲೇ ಸಮುದ್ರ ನೋಡ್ತ್ರಾ? ಹೊರಗೆ ಬಿಸ್ಲು ಬಿದ್ದದೆ" ಅಂದೆ. ಹಾಸ್ಗೆ ಹಿಡ್ದವ್ರಿಗೆ ಹಂಗೆ ಹೇಳ್ಬಾರ್ದಿತ್ತು. ಹೇಳ್ದೆ. ಸೀರೆ ಕಚ್ಚೆ ಹಾಕಿ, ರಿಸಾರ್ಟಿನ ತೇಲೂ ಜಾಕೀಟು ತೊಟ್ಕಂಡು ಹೊರಟೆ. ಆ ಜಾಕೀಟು ನೋಡಿನೂ ನಕ್ರು ಬಿಡು.

ಅಳಿವೆ ಅಂದ್ರೆ ನೋಡಿದ್ರಲ್ಲ, ಕಾಳಿ ಹೊಳೆ ಸಮುದ್ರಕ್ಕೆ ಸೇರೂ ಜಾಗ. ನಾನು ಹೋಗುವಾಗ ನೀರು ನಿಂತಿತ್ತು, ಉಬ್ಬರ ಮುಗ್ದು ಇಳಿತ ಶುರು ಆಗಿರ್ಲಿಲ್ಲ, ಆರಾಮಾಗಿ ಹೊರಗೆ ಹೋದೆ. ನೊಗ್ಲಿನೂ ಬಂತು, ಸುಳ್ಳಲ್ಲ, ಪುರ್ಸು ಹೇಳಿದ್ದು ಖರೇ. ಹತ್ತೋ ಹನ್ನೆರ್ಡೋ. ಖುಷಿಲಿ ಹೊತ್ತು ಮರ್ತೆ. ತಲೆ ಎತ್ತುವಷ್ಟ್ರಲ್ಲಿ ತೆಂಕಣ ಪಡುವಣ ಮೂಲೆಲಿ ಮಸಿ ಬಳ್ದಂಗೆ ಮೋಡ. ತಿರ್ಗಿದೆ. ತಿರ್ಗಿ ಹುಟ್ಟು ಹಾಕ್ತೆ, ಹಾಕ್ತೆ, ಹಾಕ್ತೆ, ಸದಾಶಿವಗಡದ ಗುಡ್ಡ ಮಾತ್ರ ಇದ್ದಲ್ಲೇ ಇದೆ! ಇಳಿತ ಶುರು ಆಗಿತ್ತು, ಮಳೆಗಾಲದ ಹೊಳೆ ಬೇರೆ, ಎರಡೂ ಸೇರಿ ಹೊರಗೆ ದೂಕ್ತದೆ, ಸಮುದ್ರದ ತೆರೆ ಒಳಗೆ ದೂಕ್ತದೆ, ಎರಡ್ರ ಮಧ್ಯ ನೀರು ಗೋಡೆ ಹಂಗೆ ಎದ್ದು ನಿಲ್ತದೆ. ಅಜ್ಜ ಸದ್ದಲ್ಲೇ ಕಂಡು ಹೆದ್ರಿದ್ದು ಇದಕ್ಕೇ. ಒಂದು ತೆರೆ ದಾಟ್ದೆ. ಎರಡ್ನೇದು ನನ್ನ ಎತ್ತಿ ಮಗುಚಿ ಹಾಕ್ತು.

ಎಂತ ಹೇಳೂದು. ಕೆಳಗೆ ಯಾವ್ದು ಮೇಲೆ ಯಾವ್ದು ಗೊತ್ತಾಗ್ಲಿಲ್ಲ. ಕಣ್ಣಲ್ಲಿ ಮಣ್ಣು. ಆ ಜಾಕೀಟು ನನ್ನ ಕುತ್ಗೆ ಹಿಡ್ದು ಎತ್ತಿದಂಗೆ ಎತ್ತಿ ಮೇಲೆ ತಂತು, ಕೈಗೆ ಕಯಾಕಿನ ಹಗ್ಗ ಸಿಕ್ತು. ಬಿಡ್ಲಿಲ್ಲ. ಗಾಳಿ ಎದ್ದಿತ್ತು, ಮಳೆ ಮುಖಕ್ಕೆ ಕಲ್ಲು ಹೊಡ್ದಂಗೆ. "ಅತ್ತೆಗೆ ಸಾರು ಇಲ್ಲ ಇಂದು" ಅಂತ ಒಂದೇ ಮಾತು ತಲೆಲಿ, ಸಾಯೂ ಹೊತ್ತಿಗೆ ದೇವ್ರ ನೆನಪಾಗೂದು ಬಿಟ್ಟು! ಎಷ್ಟು ಹೊತ್ತು ತೇಲಿದ್ನೋ, ತೆರೆ ನನ್ನ ಬಡಗಣಕ್ಕೆ ತಳ್ತಾ ತಳ್ತಾ ಮಾಜಾಳಿ ಕಡೆ ದಂಡೆಗೆ ತಂದು ಒಗೀತು. ಹುಟ್ಟು ಸಿಕ್ತು, ಅದಕ್ಕೆ ಹಗ್ಗ ಕಟ್ಟಿದ್ದೆ. ಮೀನಿಲ್ಲ, ಗಾಳದ ಪೆಟ್ಟಿ ಇಲ್ಲ, ಕಾಲಲ್ಲಿ ಚಪ್ಲಿ ಇಲ್ಲ. ಮರಳಲ್ಲಿ ಕೂತು ಹೊಟ್ಟೆ ಖಾಲಿ ಆಗೂ ತನಕ ವಾಂತಿ ಮಾಡ್ದೆ. ಬಿಕ್ಕಿ ಬಿಕ್ಕಿ ಅಳು ಬಂತು. ಆಮೇಲೆ ಎದ್ದು ಕಯಾಕ್ ಎಳ್ಕಂಡು ದಂಡೆ ಗುಂಟ ಮನೆಗೆ ಬಂದೆ. ಮುಟ್ಟುವಷ್ಟ್ರಲ್ಲಿ ಕತ್ತಲಾಗಿತ್ತು.

ಅಜ್ಜ ಗೋಡೆ ಕಡೆ ಮುಖ ಮಾಡಿ ಮಲ್ಗಿದ್ರು. ಬೈದಿದ್ರೆ ಚಲೋ ಇತ್ತು.

ಮಾರನೆ ದಿನ ಬೆಳಿಗ್ಗೆ ಪುರ್ಸು ಇನ್ನೂ ನಾಲ್ಕು ಜನ ಗಂಡಸರ ಕರ್ಕಂಡು ಅಂಗಳಕ್ಕೆ ಬಂದ. ತಮಾಷೆ ಮಾಡೂಕೆ ಬಂದದ್ದಲ್ಲ, ಮುಖ ಗಂಭೀರ ಇತ್ತು. "ವೈನೀ, ನಿಮ್ಗೆ ಎಂತಾರೂ ಆದ್ರೆ ನಾಳೆ ನಾವೇ ಹುಡುಕ್ಬೇಕು. ಈ ಕಯಾಕ್ ನಮ್ಮ ಶೆಡ್ಡಲ್ಲಿ ಇಡ್ತೇವೆ. ರಿಸಾರ್ಟಿನವ್ರು ಬಂದಾಗ ಕೊಡ್ತೇವೆ" ಅಂದ. ಇಬ್ರು ಆಗ್ಲೇ ತುದಿ ಹಿಡಿದ್ರು. ನನ್ಗೆ ಎಂತ ಆಯ್ತೋ, ಓಡಿ ಹೋಗಿ ಆ ಕಯಾಕ್ ಮೇಲೆ ಕೂತೆ. ಅಂಗಳದಲ್ಲಿ, ಒಣ ನೆಲದಲ್ಲಿ! ಹುಟ್ಟು ಅಡ್ಡ ಹಿಡ್ಕಂಡೆ. "ಎತ್ತಿ," ಅಂದೆ. "ನನ್ನ ಸಮೇತ ಎತ್ಕಂಡು ಹೋಗಿ ಶೆಡ್ಡಲ್ಲಿ ಇಡಿ. ಆಮೇಲೆ ದಿನಾ ಬಂದು ನನ್ಗೂ, ಇವ್ರಿಗೂ, ಅತ್ತೆಗೂ ಸಾರು ಮಾಡಿ ಹಾಕಿ."

"ವೈನೀ, ಹಟ ಮಾಡ್ಬೇಡಿ. ನಿನ್ನೆ ಸಾಯ್ತಿದ್ರಿ."

"ಹೌದು, ಸಾಯ್ತಿದ್ದೆ. ಹೋದ ವರ್ಷ ನಿನ್ನ ದೋಣಿನೂ ಮಗುಚಿತ್ತು, ನಾವು ಹೆಂಗಸರು ಬಂದು ನಿನ್ನ ಬಲೆ ಕಿತ್ಕಂಡು ಹೋದ್ವಾ?"

ಒಳಗಿಂದ ಅತ್ತೆ ಕೋಲು ಕುಟ್ಟಿ ಕೂಗಿದ್ರು, "ಯಾರೋ ಅದು? ಪುರ್ಸುನಾ? ನಿನ್ನ ಹುಟ್ಟಿದಾಗ ನೋಡ್ದವ್ಳು ನಾನು. ನಮ್ಮ ಮನೆ ಸಾಮಾನು ಮುಟ್ಬೇಡ!" ಅಂತ. ನಮ್ಮ ಮನೆ ಸಾಮಾನು ಅಲ್ಲ, ರಿಸಾರ್ಟಿಂದು, ಇರ್ಲಿ ಬಿಡು, ಆ ಹೊತ್ತಿಗೆ ಅದೇ ಸರಿ. ಹಿಡಿದವ್ರು ಕೈ ಬಿಟ್ರು. ಒಬ್ಬೊಬ್ರೇ ಹೋದ್ರು. ನಾನು ಅವ್ರ ಬೆನ್ನು ಮರೆ ಆಗೂ ತನಕ ಇಳೀಲಿಲ್ಲ.

ಆಮೇಲೆ ಒಳಗೆ ಹೋಗಿ ಅಜ್ಜನ ಮಂಚದ ಹತ್ರ ಕೂತೆ. "ಹೋಗ್ಬೇಡ ಅಂದ್ರೆ ಕೇಳೂದಿಲ್ಲ ನಾನು," ಅಂದೆ. "ಎಲ್ಲಿ ಹೋಗ್ಬಾರ್ದು ಅದನ್ನ ಹೇಳಿ, ಕೇಳ್ತೆ." ಅವ್ರು ಗೋಡೆ ಕಡೆಯಿಂದ ತಿರ್ಗಿ, "ಕಿಟ್ಕಿ ಪೂರ್ತಿ ತೆಗಿ" ಅಂದ್ರು. ತೆಗ್ದೆ. ಇಬ್ರೂ ಕಿವಿ ಕೊಟ್ಟು ಕೂತ್ವು. "ತೆರೆ ಇಂದೂ ದೂರ ಒಡಿತದೆ, ಸಮುದ್ರ ಬೇಡ. ಮೇಲೆ ಘಟ್ಟದಲ್ಲಿ ವಾರದಿಂದ ಮಳೆ, ಅಣೆಕಟ್ಟಿಂದ ಯಾವಾಗ ನೀರು ಬಿಡ್ತ್ರೋ, ಸೇತುವೆ ಕಡೆ ನಡು ಹೊಳೆನೂ ಬೇಡ" ಅಂದ್ರು. ನಾನು, "ಗಾಳಿ ಪಡುವಣದ್ದು, ನಮ್ಮ ಗಾಳಿಮರದ ಸಾಲು ಅದನ್ನ ತಡಿತದೆ, ಮನೆ ಹಿಂದಿನ ಕಾಂಡ್ಲದ ಈ ಬದಿ ನೀರು ಅಲ್ಲಾಡೂದಿಲ್ಲ" ಅಂದೆ. "ಹತ್ತು ಗಂಟೆಗೆ ಉಬ್ಬರ ಬರ್ತದೆ. ಹೊಳೆ ರಭಸಕ್ಕೆ ಮೀನೂ ತಡ್ಕಳೂದಿಲ್ಲ, ಅದೂ ಆಸ್ರೆ ಹುಡುಕ್ತದೆ" ಅಂದ್ರು ಅವ್ರು. ಆಗ ಅವ್ರ ಮುಖ ನೋಡ್ಬೇಕಿತ್ತು ನೀವು. ಮಂಚ ಹಿಡ್ದ ಮೇಲೆ ಮೊದ್ಲ ಸಲ ಯಾರೋ ಅವ್ರ ಹತ್ರ ಸಮುದ್ರದ ವಿಷ್ಯ ಕೇಳಿದ್ದು. ಈಗ ಒಳಗೆ ಮಲ್ಗಿ ಕೇಳ್ತಾ ಇದ್ದಾರೆ, ಕೇಳ್ಲಿ.

ಹೋದೆ. ಅದೇ ದಿನ ಹೋದೆ, ನಡು ದಂಡೆಲೇ ಕಯಾಕ್ ಎಳ್ಕಂಡು, ಪುರ್ಸು ಮನೆ ಎದ್ರಿಂದ್ಲೇ. "ಕಪ್ಪೆ ಹಿಡಿಯೂಕೆ ಹೊರಟೆ ಪುರ್ಸೂ" ಅಂತ ನಾನೇ ಕೂಗಿ ಹೇಳ್ದೆ. ನಗೂಕೆ ಅವ್ರಿಗೆ ಎಂತ ಉಳೀತು? ಅಪ್ಪನ ಹಳೇ ಗಾಳ ಮಾಡಿನ ಹಂಚಿನ ಸಂದಿಯಿಂದ ತೆಗ್ದಿದ್ದೆ, ಸಿಗಡಿ ಚುಚ್ಚಿ ಬೇರಿನ ಸಂದಿಗೆ ಬಿಟ್ಟೆ. ಒಂದು ತಾಸು ಏನಿಲ್ಲ. ಆಮೇಲೆ ಮಳೆ ಬಂತು, ಎಂಥಾ ಮಳೆ, ಎದ್ರಿನ ದಂಡೆ ಕಾಣೂದಿಲ್ಲ. ನಾನು ಕಯಾಕ್ ಹಗ್ಗ ಕಾಂಡ್ಲದ ಕೊಂಬೆಗೆ ಕಟ್ಟಿ ಕೂತೆ. ಕೆಳಗೆ ಸೊಂಟದ ಮಟ್ಟ ನೀರು, ದಂಡೆಗೆ ನಾಲ್ಕು ಹೆಜ್ಜೆ. ಹೆದ್ರಿಕೆ ಇತ್ತಾ ಅಂದ್ರೆ ಇತ್ತು. ನಿನ್ನೆಯ ತೆರೆ ಇನ್ನೂ ಕಿವಿಲಿತ್ತು. ಹೆದ್ರಿಕೆ ಜೊತೇಲೇ ಕೂತ್ಕಂಡೆ, ಅದೂ ನೆನೀಲಿ ಅಂತ!

ಮಳೆ ಹನಿ ಕಮ್ಮಿ ಆಗೂದಕ್ಕೂ ಗಾಳದ ದಾರ ಕೈ ಕೊಯ್ದಂಗೆ ಎಳೆಯೂದಕ್ಕೂ ಸರಿ ಆಯ್ತು. ಚೊಣಕ! ನಿಮ್ಗೆ ಗೊತ್ತಲ್ಲ, ಆ ಬೆಳ್ಳಿ ಮೈಯ ದೊಡ್ಡ ಮೀನು, ದಿವ್ಯಾ ತಲೆ ತಿನ್ನೂಕೆ ಜಗಳ ಮಾಡೂದು. ಅದು ಬೇರಿನ ಒಳಗೆ ನುಗ್ಗೂಕೆ ನೋಡ್ತದೆ, ನುಗ್ಗಿದ್ರೆ ದಾರ ಕಡ್ದು ಹೋಯ್ತು. ಹಗ್ಗ ಬಿಚ್ಚಿ ನಡು ನೀರಿಗೆ ಬಂದೆ, ಅದು ಕಯಾಕನ್ನೇ ಸುತ್ತ ತಿರ್ಗಿಸ್ತದೆ, ನಾನು "ತಿರ್ಗ್ಸು, ತಿರ್ಗ್ಸು, ನಿನ್ನೆ ನಿನ್ನಪ್ಪ ಸಮುದ್ರ ತಿರ್ಗ್ಸಿದ್ದ, ಅವ್ನಿಗೇ ಬಿಟ್ಕೊಡ್ಲಿಲ್ಲ ನಾನು" ಅಂತ ಅದ್ರ ಹತ್ರ ಜಗಳ. ಕೊನೆಗೆ ಸುಸ್ತಾಗಿ ಬದಿಗೆ ಬಂತು. ಕಿವಿರಿಗೆ ಕೈ ಹಾಕಿ ಎಳ್ದು ನನ್ನ ಕಾಲ ಮೇಲೇ ಹಾಕ್ಕಂಡೆ. ಮಗು ಮಲಗ್ಸಿದಂಗೆ ಮಲಗ್ಸಿ ತಂದೆ.

ಅತ್ತೆ ಬಟ್ಲು ಮುಟ್ಟಿದ್ರು, ತಲೆ ಸಿಕ್ತು, ಕಣ್ಣು ಸಿಕ್ತು, ಎರಡು ಸಲ ಅನ್ನ ಹಾಕ್ಸಿಕೊಂಡ್ರು. ಅರ್ಧ ಮೀನು ಪುರ್ಸುನ ಮನೆಗೂ ಕಳ್ಸಿದೆ. ಪ್ರೀತಿಗೆ ಅಂದ್ಕಳ್ಬೇಡಿ, ಚೂರು ಪೊಗರಿಗೆ. ನಾಲ್ಕು ದಿನ ಬಿಟ್ಟು ಅಂವ ಬೇಲಿ ಹತ್ರ ಬಂದು, ಮೀಸೆ ತಿಕ್ಕಂಡು, "ವೈನೀ, ಇಂದು ಗಾಳಿ ಎಲ್ಲಿಂದ ಅಂತ ದಾದಾ ಹೇಳ್ತ್ರು?" ಅಂತ ಕೇಳ್ದ, ದಾದಾ ಅಂದ್ರೆ ನಿಮ್ಮ ಅಜ್ಜ. "ಒಳಗೆ ಬಂದು ನೀನೇ ಕೇಳು" ಅಂದೆ. ಬಂದ. ಆಮೇಲೆ ದಿನಾ ಬರ್ತಿದ್ದ.

ಅದ್ರ ಮೇಲೆ ಇಷ್ಟು ವರ್ಷ ಆಯ್ತು, ರಿಸಾರ್ಟಿನವ್ರು ಒಂದು ಕಯಾಕ್ ನನ್ಗೇ ಬಿಟ್ರು, ನಾನು ಹೋಗೂದು ಬಿಟ್ಟಿಲ್ಲ. ಕೆಲವು ದಿನ ಅಳಿವೆ ತನಕ ಹೋಗ್ತೆ, ಕೆಲವು ದಿನ ಕಾಂಡ್ಲದಲ್ಲೇ, ಕೆಲವು ದಿನ ಕಯಾಕ್ ಹೊರಗೆ ತಂದು ನೋಡಿ ಮತ್ತೆ ಒಳಗಿಟ್ಟು ಬಟ್ಟೆ ಒಗಿತೆ. ಯಾರಾರೂ ನಕ್ರೆ ಆ ದಿನ ಇನ್ನೊಂದ್ಸಲ ಆಕಾಶ ನೋಡ್ತೆ, ಅಷ್ಟೇ. ಹಂಗಾಗಿ ನೀನು ನಾಳೆ ಎಲ್ಲಿ ಹೋಗೂದು ಅಂತ ನನ್ನ ಕೇಳ್ಬೇಡ ಸಾನಿಕಾ, ಬೆಳಿಗ್ಗೆ ಎದ್ದು ನೀನೇ ಹೊರಗೆ ನಿಂತು ನೋಡು, ಮೀನು ಎಲ್ಲಿದೆ ಅಂತಲ್ಲ, ಗಾಳಿ ಎದ್ರೆ ನೆಲ ಮುಟ್ಟೂಕೆ ದಾರಿ ಎಲ್ಲಿದೆ ಅಂತ. ದಾರಿ ಕಂಡ್ರೆ ಯಾರು ಬೇಡ ಅಂದ್ರೂ ಹೋಗು. ಕಾಣದಿದ್ರೆ ಯಾರು ಕರೆದ್ರೂ ಹೋಗ್ಬೇಡ. ಬಿಡಿ ಆ ಬಲೆ, ಸಾಕು, ಕೈ ತೊಳ್ಕಳಿ ಹೋಗಿ.