ಸಾಕವ್ವನ ಗಳಿಗೆ ಬಟ್ಟಲು

ಬುದ್ಧಿ ಇಲ್ಲ ಅಂತ ಯಾಕೆ ಬೈತೀಯ ಗಿಡ್ಡಮ್ಮ, ಪಾಪ. ಮೊಮ್ಮಗಳು ನೀರಿಗೆ ಹೋದ್ಲು, ಕೊಡ ಅಲ್ಲೇ ಬಿಟ್ಟು ಬಂದ್ಲು, ಅಷ್ಟೇ ತಾನೆ. ಬುದ್ಧಿ ಇದೆ. ಬೇಕಾದ ಹೊತ್ತಿಗೆ ಕೈಗೆ ಸಿಗಲ್ಲ. ದೊಡ್ಡೋಳಾದ ಮೇಲೆ ಸರಿಹೋಗುತ್ತಾ ಅಂತ ಕೇಳ್ತೀಯ. ನಂಗೆ ನಲವತ್ತೆಂಟು. ನಾನೂ ಅದನ್ನೇ ಕಾಯ್ತಾ ಇದೀನಿ. ಕೂತ್ಕೊಳ್ರಿ, ಒಂದು ಕಥೆ ಹೇಳ್ತೀನಿ. ಮುಂದೆ ಇರೋರು ಕಾಲು ಮಡಚ್ಕೊಳ್ಳಿ.

ಯಾವುದೋ ಕಾಲ, ಎಲ್ಲೋ ಒಂದು ಊರು. ಊರಿಗೆ ಹೆಸರಿತ್ತು, ಹೇಳಿ ಹೇಳಿ ಸವೆದುಹೋಯ್ತು. ಆ ಊರಲ್ಲಿ ಒಂದು ಗಳಿಗೆ ಬಟ್ಟಲು. ನೀವು ನೋಡಿಲ್ಲ, ಹೇಳ್ತೀನಿ. ತಾಮ್ರದ ಬಟ್ಟಲು, ತಳದಲ್ಲಿ ಸೂಜಿಯಷ್ಟು ತೂತು. ಹಂಡೆ ನೀರಲ್ಲಿ ತೇಲಿಬಿಟ್ರೆ ನೀರು ಒಳಗೆ ಬರುತ್ತೆ, ಬರುತ್ತೆ, ಬರುತ್ತೆ, ಬುಳಕ್ ಅಂತ ಮುಳುಗುತ್ತೆ. ಮುಳುಗಿದ್ರೆ ಒಂದು ಗಳಿಗೆ ಆಯ್ತು. ಜಾಗಟೆಗೆ ಒಂದು ಏಟು. ಬಟ್ಟಲು ಎತ್ತು, ನೀರು ಚೆಲ್ಲು, ಮತ್ತೆ ತೇಲಿಬಿಡು. ಹೊತ್ತು ಹುಟ್ಟಿದಾಗಿಂದ ಮುಳುಗೋ ತನಕ ಮೂವತ್ತು ಏಟು. ಊರಿನೋರು ಎಣಿಸ್ತಾ ಇದ್ರು. ಹದಿನೈದಕ್ಕೆ ಊಟ, ಮೂವತ್ತಕ್ಕೆ ದೀಪ. ಸೂರ್ಯ ಕಾಣ್ತಿರಲಿಲ್ವಾ ಅಂತೀರಾ? ಕಾಣ್ತಿದ್ದ. ಆದ್ರೆ ಜಾಗಟೆ ಮೇಲೆ ನಂಬಿಕೆ ಜಾಸ್ತಿ.

ಆ ಬಟ್ಟಲು ಕಾಯೋ ಮನೆ ಸಾಕವ್ವಂದು. ನಲವತ್ತು ವರ್ಷ ಅವಳೇ ಕಾದಳು. ಮದುವೆ ಆಗಿ ಬಂದ ವಾರಕ್ಕೇ ಹಂಡೆ ಮುಂದೆ ಕೂತೋಳು. ವಯಸ್ಸಾಯ್ತು, ಸೊಸೆ ಹೊನ್ನಾಜಿ ಕೈಗೆ ಕೊಟ್ಟಳು. ಆದ್ರೂ ದಿನಾ ಬೆಳಗ್ಗೆ ಬಟ್ಟಲು ಉಜ್ಜಿ ಹೊಳಪು ಬರಿಸೋದು ಮುದುಕೀನೇ. ಅದು ಮನೇಲಿರೋ ತನಕ ನಾನೂ ಇರ್ತೀನಿ ಅನ್ನೋಳು. ಮಗ ಕಾಳಿಂಗಯ್ಯ. ಮೊಮ್ಮಗಳು ಚೆಲುವಿ, ಆರು ವರ್ಷ.

ಒಂದು ದಿನ ಹೊನ್ನಾಜಿ ತನ್ನ ತಂಗಿಯ ಬಾಣಂತನಕ್ಕೆ ಅಂತ ತವರಿಗೆ ಹೊರಟಳು. ಒಂಬತ್ತು ದಿನ. ಹೋಗೋವಾಗ ಹೇಳಿದ್ದು ಇಷ್ಟೇ, ಜಾಗಟೆ ನೋಡ್ಕೊಳ್ಳಿ. ಇವರೂ ಆಯ್ತು ಅಂದ್ರು. ಬಟ್ಟಲು ಮುಳುಗಿದ್ರೆ ಹೊಡೆಯೋದು, ಅದರಲ್ಲೇನಿದೆ?

ಮೊದಲನೇ ದಿನ ಕಾಳಿಂಗಯ್ಯ ಕೂತ. ಬಟ್ಟಲು ತೇಲ್ತಾ ಇದೆ. ಸುಮ್ನೆ ಯಾಕೆ ಕೂರೋದು, ಮಂಚದ ಹಗ್ಗ ಸಡಿಲ ಆಗಿದೆ, ಬಿಗಿಯೋಣ ಅಂದ. ಹಗ್ಗ ಸಾಲಲಿಲ್ಲ. ಹಗ್ಗ ಹುಡುಕೋಕೆ ಅಟ್ಟ ಹತ್ತಿದ. ಅಟ್ಟದಲ್ಲಿ ಕಾಲು ಮುರಿದ ಮಣೆ ಸಿಕ್ತು. ಮಣೆಗೆ ಮೊಳೆ ಬೇಕು ಅಂತ ಹಿತ್ತಲಿಗೆ ಹೋದ. ಹಿತ್ತಲಲ್ಲಿ ಬದನೆ ಗಿಡಕ್ಕೆ ನೀರಿರಲಿಲ್ಲ. ನೀರಿಗೆ ಅಂತ ಹಂಡೆ ಹತ್ರ ಬಂದು ನೋಡ್ತಾನೆ, ಬಟ್ಟಲು ತಳದಲ್ಲಿ ಮಲಗಿದೆ. ಯಾವಾಗ ಮುಳುಗ್ತೋ ಬಟ್ಟಲಿಗೇ ಗೊತ್ತು.

ಊರಲ್ಲೇನಾಯ್ತು? ಹದಿನೈದನೇ ಏಟು ಬೀಳಲೇ ಇಲ್ಲ, ಯಾರೂ ಊಟಕ್ಕೆ ಏಳಲಿಲ್ಲ. ಉಳೋನು ಉಳ್ತಾ ಉಳ್ತಾ ತನ್ನ ಹೊಲ ಮುಗಿಸಿ ಪಕ್ಕದೋನ ಹೊಲಾನೂ ಉತ್ತುಬಿಟ್ಟ. ಪಕ್ಕದೋನು ದೂರು ಕೊಡಲಿಲ್ಲ. ಆದ್ರೆ ಊರ ಗೌಡ ಹಸಿದುಕೊಂಡೇ ಬಂದ, ಇವರ ಗೋಡೆ ಮೇಲೆ ಇದ್ದಲಲ್ಲಿ ಒಂದು ಗೀಟು ಎಳೆದ. ಮೂರು ಗೀಟಾದ್ರೆ ಬಟ್ಟಲು ಬೇರೆ ಮನೆಗೆ ಅಂದು ಹೋದ. ಸಾಕವ್ವ ಬಟ್ಟಲು ಎತ್ತಿ ಸೆರಗಲ್ಲಿ ಒರೆಸಿದಳು.

ಎರಡನೇ ದಿನ ಅವಳೇ ಕೂತಳು. ನಲವತ್ತು ವರ್ಷದ ಕೈ, ತಪ್ಪುತ್ತಾ? ಬಟ್ಟಲು ಮುಳುಗ್ತು, ಹೊಡೆದಳು. ನೀರು ಚೆಲ್ಲಿ ತೇಲಿಬಿಟ್ಟಳು. ಆಮೇಲೆ ಯೋಚನೆ ಬಂತು, ಹೊಡೆದ್ನಾ ಇಲ್ವಾ? ಯಾವುದಕ್ಕೂ ಇರಲಿ ಅಂತ ಇನ್ನೊಂದು ಹೊಡೆದಳು. ಪ್ರತಿ ಸಲಾನೂ ಹೀಗೇ.

ಊರಲ್ಲೇನಾಯ್ತು? ನೆತ್ತಿ ಮೇಲೆ ಸೂರ್ಯ ಇರೋವಾಗ ಮೂವತ್ತು ಏಟಾಯ್ತು. ಹೆಂಗಸರು ಬಿಸಿಲಲ್ಲಿ ದೀಪ ಹಚ್ಚಿದ್ರು. ದನ ಮನೆಗೆ ಬಂದ್ವು, ಅವಕ್ಕೂ ಆಶ್ಚರ್ಯ. ಗೌಡ ಮಧ್ಯಾಹ್ನಕ್ಕೇ ರಾತ್ರಿ ಊಟ ಮುಗಿಸಿ ಮಲಗಿದ, ನಿದ್ದೆ ಬರಲಿಲ್ಲ. ಎದ್ದು ಬಂದು ಎರಡನೇ ಗೀಟು ಎಳೆದ.

ಮೂರನೇ ದಿನ ಚೆಲುವಿ ನಾನು ಕೂರ್ತೀನಿ ಅಂದ್ಲು. ಕಣ್ಣು ಚುರುಕು, ನೆನಪು ಚುರುಕು. ಬಟ್ಟಲಿಂದ ಕಣ್ಣು ತೆಗೀಲಿಲ್ಲ. ಆದ್ರೆ ಆರು ವರ್ಷದ ಮಗು, ಎಷ್ಟು ಹೊತ್ತು ಕಾಯುತ್ತೆ? ಬೆರಳಲ್ಲಿ ಮೆತ್ತಗೆ ಒತ್ತಿದಳು. ಬುಳಕ್. ಹೊಡೆದಳು. ಮತ್ತೆ ಒತ್ತಿದಳು. ಬುಳಕ್.

ಊರಲ್ಲೇನಾಯ್ತು? ಜನ ಓಡಿದ್ರು. ಬಿತ್ತೋಕೆ ಹೋದೋರು ಚೀಲ ಬಿಚ್ಚೋದರೊಳಗೆ ವಾಪಸ್ ಬಂದ್ರು. ಹತ್ತು ಏಟಿಗೊಂದು ಗುಟುಕು ಕಷಾಯ ಕುಡೀಬೇಕಿದ್ದ ಅಜ್ಜ ಒಬ್ಬ ಬೆಳಗ್ಗೇನೇ ಮೂರು ದಿನದ ಕಷಾಯ ಮುಗಿಸಿದ. ಅವನನ್ನ ಸಂಜೆ ತನಕ ಬೇಲಿ ಆಚೆಯಿಂದ ಕರ್ಕೊಂಡು ಬರೋಕಾಗ್ಲಿಲ್ಲ. ಮೂರನೇ ಗೀಟು ಬಿತ್ತು.

ಗೌಡ ಬಟ್ಟಲಿಗೆ ಕೈ ಹಾಕಿದ. ಸಾಕವ್ವ ಒಂದೇ ಒಂದು ದಿನ ಕೊಡಿ ಗೌಡ್ರೆ ಅಂದ್ಲು. ನಲವತ್ತು ವರ್ಷ ತಪ್ಪದ ಕೈ ನೋಡಿ ಗೌಡನಿಗೂ ಹೇಗೋ ಆಯ್ತು. ನಾಳೆ ಹೊತ್ತು ಮುಳುಗೋವಾಗ ಬರ್ತೀನಿ ಅಂದು ಹೋದ.

ಅವನು ಹೋಗಿದ್ದೇ ತಡ, ಕಾಳಿಂಗಯ್ಯ ಶುರು ಮಾಡಿದ. ಅವ್ವನಿಗೆ ಬೈದ, ಮಗಳಿಗೆ ಬೈದ. ತನಗೆ ಬೈಯೋಕೆ ಮನೇಲಿ ಯಾರೂ ಇರಲಿಲ್ಲ. ಚೆಲುವಿ ಅಳೋಕೆ ಶುರು ಮಾಡಿದ್ಲು. ಆಗ ಸಾಕವ್ವ ಅಂದ್ಲು, "ಮಗಾ, ಬೈದ್ರೆ ತಲೆ ಸರಿಹೋಗೋ ಹಾಗಿದ್ರೆ ನಿನ್ನ ತಲೆ ಎಂದೋ ಸರಿಹೋಗ್ಬೇಕಿತ್ತು. ನಾನು ಕಡಿಮೆ ಬೈದಿದ್ನಾ?"

ಕಾಳಿಂಗಯ್ಯ ಯೋಚನೆ ಮಾಡಿದ. ಕಡಿಮೆ ಬೈದಿರಲಿಲ್ಲ.

ಮೂರೂ ಜನ ಕೂತ್ಕೊಂಡು ಒಬ್ಬೊಬ್ಬರೇ ನಿಜ ಹೇಳಿದ್ರು. ನಂಗೆ ಕಾಯೋಕಾಗಲ್ಲ ಅಂತ ಮಗು. ನಂಗೆ ಈಗ ಮಾಡಿದ್ದು ಈಗಲೇ ಮರೆತುಹೋಗುತ್ತೆ ಅಂತ ಮುದುಕಿ. ಹಿಡಿದ ಕೆಲಸ ಬಿಟ್ಟು ಇನ್ನೊಂದಕ್ಕೆ ಕಾಲು ಹೋಗುತ್ತೆ ಅಂತ ಕಾಳಿಂಗಯ್ಯ. ಹೇಳೋಕೆ ಅವನಿಗೇ ಜಾಸ್ತಿ ಹೊತ್ತು ಹಿಡೀತು, ಮಧ್ಯೆ ಎರಡು ಸಲ ಎದ್ದು ಹೋದ.

ನಾಲ್ಕನೇ ದಿನ ಬೆಳಗಾಯ್ತು. ನೋಡ್ರಿ ಹೇಗೆ ಕೂತ್ರು. ಚೆಲುವಿ ಕೈಗೆ ಬುಟ್ಟಿ ತುಂಬ ಸೇವಂತಿಗೆ, ದಾರ. ಕೈ ಹೂ ಕಟ್ತಾ ಇರಲಿ, ಕಣ್ಣು ಬಟ್ಟಲು ನೋಡ್ತಾ ಇರಲಿ, ಮುಳುಗಿದಾಗ ಕೂಗಿದ್ರೆ ಸಾಕು. ಸಾಕವ್ವನ ಎಡಕ್ಕೊಂದು ಮೊರ, ಬಲಕ್ಕೊಂದು ಮೊರ. ಎಡದ ಮೊರದಲ್ಲಿ ಮೂವತ್ತು ಹುಣಸೆ ಬೀಜ. ಒಂದು ಏಟು ಹೊಡೆದ್ರೆ ಒಂದು ಬೀಜ ಬಲಕ್ಕೆ. ಇನ್ನು ಕಾಳಿಂಗಯ್ಯ. ಅವನ ಕೆಲಸ ಬಟ್ಟಲು ಎತ್ತಿ ನೀರು ಚೆಲ್ಲಿ ತೇಲಿಬಿಡೋದು, ಅದೊಂದೇ. ಅವನೇ ಕೇಳಿ ಕಾಲನ್ನ ಕಂಬಕ್ಕೆ ಕಟ್ಟಿಸ್ಕೊಂಡ. ಬೆಳಗ್ಗೆಯಿಂದ ಸಂಜೆ ತನಕ ಹನ್ನೊಂದು ಸಲ ಬದನೆ ಗಿಡ ನೆನಪಾಯ್ತು. ಹನ್ನೊಂದು ಸಲಾನೂ ಹಗ್ಗ ಹಿಡೀತು.

ಸಂಜೆ ಗೌಡ ತಳವಾರನ್ನ ಕರ್ಕೊಂಡು ಬಂದ. ಜಗಲಿ ಮೇಲೆ ಕೂತ, ನೀರು ಕೇಳಿ ಕುಡಿದ. ಚೆಲುವಿ ಮುಳುಗ್ತು ಅಂದ್ಲು, ಸಾಕವ್ವ ಹೊಡೆದಳು, ಕಡೇ ಬೀಜ ಬಲಕ್ಕೆ ಬಂತು. ಆಚೆ ನೋಡಿದ್ರೆ ಸೂರ್ಯ ಅದೇ ತಾನೆ ಮುಳುಗಿದ್ದ.

ಗೌಡನ ಕಣ್ಣು ಕಂಬದ ಕಡೆ ಹೋಯ್ತು. ಒಬ್ಬರ ಕೆಲಸಕ್ಕೆ ಮೂರು ಜನ, ಜೊತೆಗೆ ಹಗ್ಗ ಬೀಜ ಬೇರೆ, ಇದೂ ಒಂದು ಕಾಯೋದಾ ಅಂತ ನಕ್ಕ. ಬಿಟ್ರೆ ಬಟ್ಟಲು ಹೋಯ್ತು ಅನ್ನೋ ಹಾಗೆ ಸಾಕವ್ವ ಹಂಡೆ ಅಂಚು ಹಿಡ್ಕೊಂಡು ಕೂತಿದ್ಲು. ಗೌಡ ನಕ್ಕು ಮುಗಿಸಿ ಎದ್ದ. ನಿಂತ. ಹಾಗೇ ನಿಂತ. ಆಮೇಲೆ ತಳವಾರನ ಕಿವೀಲಿ ಏನೋ ಕೇಳಿದ.

ತಳವಾರ ಪಾಪ, ಮೆತ್ತಗೆ ಮಾತಾಡಿ ಗೊತ್ತಿಲ್ಲದೋನು. "ಬಟ್ಟಲು ತಗೊಂಡು ಹೋಗೋಕೆ ಬಂದಿದ್ದು ಗೌಡ್ರೆ" ಅಂದ, ಬೀದಿಗೆಲ್ಲ ಕೇಳ್ತು.

ಸಾಕವ್ವ ನಗಲಿಲ್ಲ. "ನಿಮಗೆ ನೆನಪು ಮಾಡೋಕೆ ಒಬ್ಬ ಆಳು ಇದಾನೆ ಗೌಡ್ರೆ, ನಂಗೆ ಬೀಜ ಇದೆ. ಬೀಜಕ್ಕೆ ಊಟ ಹಾಕ್ಬೇಕಾಗಿಲ್ಲ" ಅಂದ್ಲು.

ಗೌಡ ತಳವಾರನ್ನ ನೋಡಿದ, ಬೀಜ ನೋಡಿದ. ತನ್ನ ಹೆಗಲ ವಸ್ತ್ರ ತೆಗೆದು ನೀರಲ್ಲಿ ಅದ್ದಿ ಗೋಡೆ ಮೇಲಿನ ಮೂರೂ ಗೀಟು ತಾನೇ ಒರೆಸಿದ. ಬಟ್ಟಲು ಅಲ್ಲೇ ಉಳೀತು. ಒಂಬತ್ತು ದಿನ ಆದ ಮೇಲೆ ಹೊನ್ನಾಜಿ ಬಂದು ನೋಡಿ, ಜಗಲಿ ಮೇಲೆ ಕಾಲು ಚಾಚಿ ಕೂತಳು. ಹಾಗೆ ಅವಳು ಕೂತಿದ್ದನ್ನ ಆ ಮನೇಲಿ ಯಾರೂ ನೋಡಿರಲಿಲ್ಲ.

ಅವರ ಹೊತ್ತು ಅವರಿಗೆ ಸರಿಹೋಯ್ತು, ನಮ್ಮ ಹೊತ್ತು ನಮ್ಮ ಕೈಲಿರಲಿ. ಹೇಳಿದ ಬಾಯಿಗೆ ನೀರು, ಕೇಳಿದ ಕಿವಿಗೆ ತಂಪು.

ಈ ಕಥೆ ಹೋದ ವಾರ ಮನೇಲೂ ಹೇಳಿದೆ. ನಮ್ಮೋಳು ಅಕ್ಕಿ ಆರಿಸ್ತಾ ಕೊನೇ ತನಕ ಕೇಳಿದ್ಲು. ಹೊನ್ನಾಜಿ ತವರಲ್ಲಿ ಎಷ್ಟು ದಿನ ಇದ್ಲು ಅಂತ ಕೇಳಿದ್ಲು. ಒಂಬತ್ತು ಅಂದೆ.

"ನಾನು ಹದಿನೈದು ದಿನ ಇರ್ತೀನಿ" ಅಂದ್ಲು. "ಬೆಳಗ್ಗೆ ಬಸ್ಸಿಗೆ ಹತ್ತಿಸಿ ಬನ್ನಿ."