ಬೆಣ್ಣೆ ಡಬ್ಬಿಯ ಪಕ್ಕದಲ್ಲಿತ್ತು ನಿನ್ನ ಫೋನು

ಹಲೋ... ಹಲೋ, ಯಾರು ಮಾತಾಡ್ತಿರೋದು? ಹೆಸರು ಬರ್ತಿಲ್ಲ ಇಲ್ಲಿ, ಬರೀ ನಂಬರು ಕಾಣ್ತಿದೆ...

ಓ, ನೀನಾ ಮರೀ! ಬೆಳಿಗ್ಗೆ ಲಾಡ್ಜಿನ ಫೋನಿಂದ ಮಾಡಿದ್ದೆ. ಈಗ ಇದ್ಯಾರದ್ದು?...

ಹಾಂ, ಸೀಟಿ ಅಕ್ಕನದಾ. ಅದೇ, ಶಾಲೇಲಿ ಸೀಟಿ ಊದೋ ಆಟದ ಟೀಚರ್ರು, ನಿಮ್ಮ ಸೈಕಲ್ ಗುಂಪಿಗೆಲ್ಲ ಹಿರಿಯಕ್ಕ, ಅವರೇ ತಾನೇ?... ಪಕ್ಕದಲ್ಲೇ ಇದಾರಾ?... ಏನಿಲ್ಲ, ಸುಮ್ನೆ ಕೇಳಿದೆ.

...ನಿನ್ನ ಫೋನಾ? ಮನೇಲೇ ಇದೆ ಕಣೇ. ಬೆಳಿಗ್ಗೆ ಹೇಳಿದ್ನಲ್ಲ. ಫ್ರಿಜ್ಜಲ್ಲಿತ್ತು, ಬೆಣ್ಣೆ ಡಬ್ಬಿ ಪಕ್ಕ, ಮಹಾರಾಣಿ ಹಾಗೆ ತಣ್ಣಗೆ ಕೂತಿತ್ತು. ಆಗಲೂ ನಕ್ಕೆ, ಈಗಲೂ ನಗ್ತಿದೀಯ. ಚೆನ್ನಾಗಿದೆ ನಿನ್ನ ನಾಟಕ.

...ಇರು, ಒಲೆ ಮೇಲೆ ಹಾಲಿದೆ. ಇಡಬೇಡ ಫೋನು... ಹಾಂ, ಹೇಳು. ಎಷ್ಟೊತ್ತಿಗೆ ಶುರು ನಿಮ್ಮ ರೇಸು?... ಇನ್ನೂ ಅರ್ಧ ಗಂಟೆ ಇದೆಯಾ? ಹಾಗಾದ್ರೆ ಒಳ್ಳೇದಾಯ್ತು. ನಿನ್ನ ಹತ್ರ ಒಂದು ಮಾತು ಕೇಳೋದಿತ್ತು.

...ಅಂಥಾದ್ದೇನಲ್ಲ. ಮೊನ್ನೆ ಶುಕ್ರವಾರ, ಕೆಲಸಕ್ಕೆ ಹೋಗೋ ಮುಂಚೆ ಸೈಕಲ್ ಹೊಡೀತೀನಿ ಅಂತ ಕತ್ತಲಲ್ಲೇ ಹೋದ್ಯಲ್ಲ, ಯಾವ ಕಡೆ ಹೋಗಿದ್ದೆ?

...ನೀರಿನ ಟ್ಯಾಂಕಿನ ಗುಡ್ಡಕ್ಕಾ. ಹತ್ತಿ ಇಳಿದು ಬಂದೆ. ಹೂಂ... ಇಳಿಯೋವಾಗ ಏನೂ ಆಗ್ಲಿಲ್ಲ, ಅಲ್ವಾ?

...ಏನೂ ಆಗ್ಲಿಲ್ಲ. ಸರಿ. ಏನೂ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ.

...ಯಾಕೆ ಕೇಳ್ತೀನಿ ಅಂದ್ರೆ? ತಾಯಿ ಆದವಳು ಕೇಳಬಾರದಾ? ನಾನೇನು ಪೊಲೀಸಾ? ಈಗ ತಲೆ ಮೇಲೆ ಹೆಲ್ಮೆಟ್ ಇದೆಯಾ ನಿಂಗೆ?... ಯಾವುದು?... ಯಾವುದು ಅಂದ್ರೆ, ಯಾವುದು ಅಂತಷ್ಟೇ ಕೇಳ್ತಿರೋದು.

...ಅದೇ ನೀಲಿದು. ಹಳೇದೇ. ಹೌದಾ.

...ಇಲ್ಲ ಮರೀ, ಧ್ವನಿ ಸರಿಯಾಗೇ ಇದೆ ನಂದು. ಬಟ್ಟೆ ಮಡಚ್ತಾ ಮಾತಾಡ್ತಿದೀನಿ, ಅದಕ್ಕೆ ಹಾಗೆ ಕೇಳಿಸ್ತಿರಬೇಕು. ಅಪ್ಪನಾ? ಹಿಂದಿನ ಬಾಗಿಲ ಹತ್ರ ಕೂತು ನಿನ್ನ ಹಳೇ ಚೈನಿಗೆ ಎಣ್ಣೆ ಬಿಡ್ತಿದಾರೆ. ಅವರು ನಿನ್ನ ಕಡೆಯವರು, ಅವರ ಸಾಕ್ಷಿ ನಡೆಯಲ್ಲ.

...ಮಾತು ಮರೆಸ್ಬೇಡ. ನೋಡು, ವಾರ ವಾರ ಆ ಹೆಲ್ಮೆಟ್ಟಿನ ಒಳಗಿನ ಸ್ಪಂಜು ಬಿಚ್ಚಿ ತೊಳೆಯೋಳು ಯಾರು? ನೀನಾ? ನಿಂಗೆ ಪುರುಸೊತ್ತೆಲ್ಲಿದೆ? ಶನಿವಾರ ಸಂಜೆ ಅಂಗಡಿ ಬಾಗಿಲು ಹಾಕ್ತಿದ್ದ ಹಾಗೇ ರೈಲು, ಭಾನುವಾರ ರೇಸು, ಸೋಮವಾರ ಬೆಳಿಗ್ಗೆ ಮತ್ತೆ ಕನ್ನಡಕದಂಗಡಿ. ಎರಡು ದಿನ ರಜ ಸಿಕ್ತೋ, ಟೆಂಟು ಹೊತ್ಕೊಂಡು ಬೆಟ್ಟ. ಅದೂ ಆಯ್ತು ಅಂದ್ರೆ ಹಗ್ಗ ಹಿಡಿದು ಬಂಡೆ. ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೋಳು ನೀನು. ಹಾಗಾಗಿ ತೊಳೆಯೋಳು ನಾನು. ಆ ಹೆಲ್ಮೆಟ್ಟು ನಿನ್ನ ತಲೆಗಿಂತ ನನ್ನ ಕೈಗೆ ಚೆನ್ನಾಗಿ ಗೊತ್ತು.

...ಕೇಳು ಮೊದಲು. ಗದ್ದದ ಕೆಳಗೆ ಬರೋ ಕರೀ ಪಟ್ಟಿ ಇದೆಯಲ್ಲ, ಅದರಲ್ಲಿ ಬೆವರಿನ ಉಪ್ಪು ಕೂತು ಒಂದು ಬಿಳೀ ಗೆರೆ ಆಗಿತ್ತು. ಎಷ್ಟು ಸೋಪು ಹಾಕಿದ್ರೂ ಹೋಗ್ತಿರಲಿಲ್ಲ. ನಿನ್ನೆ ನೀನು ಚೀಲ ತುಂಬೋವಾಗ ನೋಡಿದೆ, ಆ ಗೆರೆ ಇಲ್ಲ. ಪಟ್ಟಿ ಮಿರಮಿರ ಅಂತಿದೆ. ಯಾವ ಸೋಪು ಹಾಕಿದೆ, ನಂಗೂ ಹೇಳಿಕೊಡು.

...ಬರೀ ನೀರಲ್ಲಿ ಹೋಯ್ತಾ? ಹೂಂ, ಇರಬಹುದು.

...ಕೇಳು. ನಿನ್ನೆ ನಾನು ಕೇಳೋಕೆ ಹೋಗ್ಲಿಲ್ಲ. ಹೊಸದು ತಗೊಂಡಿದಾಳೆ, ಹೇಳೋಕೆ ನಾಚಿಕೆ ಅಂದ್ಕೊಂಡೆ. ಆದ್ರೆ ಹಳೇದು ಎಲ್ಲಿ ಹೋಯ್ತು ಅಂತ ಒಂದು ಹುಳ ಕೊರೀತಾನೇ ಇತ್ತು. ಇವತ್ತು ನೀನು ಬೆಳಿಗ್ಗೆ ಫೋನ್ ಮಾಡಿ ಇಟ್ಟ ಮೇಲೆ, ಬಿಸಿಲು ಚೆನ್ನಾಗಿದೆ, ಟೆಂಟು ಮುಗ್ಗಲು ವಾಸನೆ ಹೊಡೀತಿದೆ, ಮಾಳಿಗೆ ಮೇಲೆ ಒಣಗಿ ಹಾಕೋಣ ಅಂತ ಅದರ ಚೀಲ ಕೊಡವಿದೆ ನೋಡು. ಉರುಳಿಕೊಂಡು ಬಂತು.

...ಹೌದು. ಅದೇ. ಈಗ ನನ್ನ ಮಡಿಲಲ್ಲೇ ಇದೆ. ಹಿಂದುಗಡೆ ಬಿರುಕು ಬಿಟ್ಟಿದೆ, ನನ್ನ ಹೆಬ್ಬೆರಳು ಒಳಗೆ ಹೋಗುತ್ತೆ.

...ಮೇಜಿನ ಮೇಲಿಂದ ಬಿತ್ತಾ? ನಮ್ಮ ಮೇಜಾ? ಮೊಣಕಾಲೆತ್ತರ ಇಲ್ಲ ಆ ಮೇಜು! ಯಾರ ಕಿವಿಗೆ ಹೂವಿಡ್ತೀಯ ನೀನು? ಇದು ಒಂದೇ ಸಲ ಒಡೆಯೋದು ಅಮ್ಮ, ತಲೆ ಒಡೀಬಾರದು ಅಂತ ಇದು ಒಡೆಯುತ್ತೆ, ಆಮೇಲೆ ಬಿಸಾಕಬೇಕು ಅಂತ ಹೇಳಿಕೊಟ್ಟಿದ್ದು ಯಾರು? ನೀನೇ, ಇದೇ ಅಡುಗೆಮನೇಲಿ ನಿಂತು. ಬಿಸಾಕೋದು ಬಿಟ್ಟು ಬಚ್ಚಿಟ್ಟಿದೀಯ. ನಾನು ಕಸದ ಡಬ್ಬಿ ನೋಡ್ತೀನಿ ಅಂತ ಗೊತ್ತು ನಿಂಗೆ.

...ಬೈತಿಲ್ಲ. ಲೆಕ್ಕ ಹಾಕ್ತಿದೀನಿ ಅಷ್ಟೇ. ಶುಕ್ರವಾರ ಸಂಜೆ ಮನೆಯೊಳಗೆ ಕಪ್ಪು ಕನ್ನಡಕ ಹಾಕ್ಕೊಂಡು ಕೂತಿದ್ದೆ. ಪರದೆ ಎಳಿ ಅಮ್ಮ, ದೀಪ ಆರಿಸು ಅಮ್ಮ ಅಂದೆ. ಊಟ ಬೇಡ ಅಂದೆ. ನಾನೇನಂದ್ಕೊಂಡೆ ಗೊತ್ತಾ? ಯಾರೋ ಹುಡುಗ ಕೈ ಕೊಟ್ಟಿದಾನೆ, ಒಳಗೊಳಗೇ ಅಳ್ತಿದಾಳೆ ಅಂದ್ಕೊಂಡೆ. ಕೇಳಬಾರದು, ತಾನಾಗೇ ಹೇಳ್ತಾಳೆ ಅಂತ ಬಾಯಿ ಮುಚ್ಕೊಂಡಿದ್ದೆ. ಹುಡುಗನೇ ಆಗಿದ್ರೆ ಎಷ್ಟು ಚೆನ್ನಾಗಿತ್ತು!

...ನಗಬೇಡ. ಇನ್ನೂ ಇದೆ. ನಿನ್ನೆ ನೀನು ರೈಲು ಹತ್ತಿದ ಮೇಲೆ ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ಹೂಂ, ಕನ್ನಡಕದಂಗಡಿಯವರೇ. ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಗಿ ನನಗೆ ಮಾಡಿದ್ರಂತೆ. ಯಾರೋ ವಯಸ್ಸಾದವರ ಕನ್ನಡಕಕ್ಕೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಕೊಟ್ಟಿದೀಯಂತೆ. ಪಾಪ, ಅವರು ಮೆಟ್ಟಿಲಲ್ಲಿ ಎಡವಿದ್ರಂತೆ. ಇಷ್ಟು ವರ್ಷದಲ್ಲಿ ಒಂದು ಸಲ ಹೀಗೆ ಮಾಡಿದವಳಲ್ಲ, ಹುಷಾರಾಗಿದಾಳಾ ಅಂತ ಕೇಳಿದ್ರು. ನಾನು ಹುಷಾರಾಗಿದಾಳೆ ಸಾರ್, ನಿದ್ದೆ ಕಮ್ಮಿ ಅಂದೆ. ನೋಡು, ನಿನ್ನ ಪರವಾಗಿ ವಕಾಲತ್ತು ಬೇರೆ ಮಾಡ್ದೆ.

...ಏನು? ನಿನ್ನ ಫೋನಾ? ಆಗಲೇ ಹೇಳ್ದೆ ತಾನೇ, ಮನೇಲಿದೆ ಅಂತ! ಸಿಕ್ಕಿಬಿದ್ದಾಗೆಲ್ಲ ಫೋನು ಫೋನು ಅಂದ್ರೆ ನಾನು ಕೇಳಿದ್ದು ಬಿಟ್ಟುಬಿಡ್ತೀನಾ? ಫ್ರಿಜ್ಜಲ್ಲಿ ಬಚ್ಚಿಟ್ಟಿದ್ದೂ ಅದಕ್ಕೇ ಇರಬೇಕು, ಯಜಮಾನ್ರು ಮಾಡಬಾರದು, ಅಮ್ಮ ಮಾಡಬಾರದು ಅಂತ. ಇಪ್ಪತ್ತೇಳು ವರ್ಷದ ಹೆಣ್ಣು ಮಗಳು ನೀನು, ನಂಗೆ ಹೆದರೋ ಅಂಥದ್ದು ಏನಿದೆ? ಬಾಯಿ ಬಿಟ್ಟು ಹೇಳು. ಬಿದ್ಯಾ?

...ಬಿದ್ದೆ. ಹೂಂ. ಎಲ್ಲಿ?... ಇಳಿಜಾರಿನ ತಿರುವಲ್ಲಿ, ಮರಳಿತ್ತಾ. ತಲೆ ನೆಲಕ್ಕೆ ಬಡೀತಾ?... ಸ್ವಲ್ಪ ಅಂದ್ರೆ ಎಷ್ಟು ಸ್ವಲ್ಪ? ಎದ್ದು ತಕ್ಷಣ ನಿಂತ್ಯಾ, ಇಲ್ಲಾ ಯಾರಾದ್ರೂ ಎಬ್ಬಿಸಿದ್ರಾ?

...ಪೇಪರ್ ಹಾಕೋರು ಎಬ್ಬಿಸಿದ್ರಾ. ಅವರು ಬರೋ ತನಕ ರಸ್ತೆಯಲ್ಲೇ ಮಲಗಿದ್ಯಾ ನೀನು? ಎಷ್ಟೊತ್ತು?... ಗೊತ್ತಿಲ್ವಾ?

...ಡಾಕ್ಟ್ರ ಹತ್ರ ಹೋಗ್ಲಿಲ್ಲ. ಸೀದಾ ಸೈಕಲ್ ಅಂಗಡಿಗೆ ಹೋಗಿ ಅದೇ ಬಣ್ಣದ ಹೆಲ್ಮೆಟ್ ತಗೊಂಡು, ಮುಖ ತೊಳೆದು, ಕೆಲಸಕ್ಕೆ ಹೋದೆ. ಸೈ. ಹೆಲ್ಮೆಟ್ಟಿಗೆ ಬದಲಿ ಸಿಕ್ತು, ತಲೆಗೆ?

...ಗೊತ್ತು ಮರೀ. ಇವತ್ತಿನ ರೇಸು ಯಾವುದು ಅಂತ ನಂಗೆ ಗೊತ್ತಿಲ್ವಾ? ಇವತ್ತು ಮುಂದಿನ ಸಾಲಲ್ಲಿ ಬಂದ್ರೆ ಮೇಲಿನ ದರ್ಜೆ ರೇಸಿಗೆ ಬಡ್ತಿ. ಮೂರು ವರ್ಷದಿಂದ ಬಾಯಲ್ಲಿ ಅದೊಂದೇ ಮಾತು. ನೀನು ಏಳೋ ಮುಂಚೆ ಎದ್ದು ಬಾಟ್ಲಿಗೆ ನೀರು ತುಂಬಿಸಿಟ್ಟೋಳು ನಾನು. ಬೇಡ ಅಂತ ಯಾವತ್ತಾದ್ರೂ ಅಂದಿದೀನಾ? ಕೆಲಸ, ಸೈಕಲ್ಲು, ಬೆಟ್ಟ, ಎಲ್ಲಾ ಇಟ್ಕೋ ಅಂದೆ. ನಂಗೆ ಹೇಳದೆ ಬೀಳಬೇಡ, ಅದೊಂದೇ ಕೇಳಿದ್ದು.

...ಅಳಬೇಡ. ಸ್ಟಾರ್ಟಿಗೆ ನಿಂತೋಳು ಅಳಬಾರದು. ಮೂಗೊರೆಸ್ಕೋ... ಏನಂದೆ?

...ಇರು. ಇರು ಮರೀ. ಈಗೇನು ಕೇಳಿದೆ? ಇನ್ನೊಂದ್ಸಲ ಹೇಳು.

...ನಿನ್ನ ಫೋನು ಮನೇಲಿದೆಯಾ ಅಂತ ಕೇಳಿದ್ಯಾ?

...ತಮಾಷೆ ಮಾಡ್ತಿಲ್ಲ ಅಲ್ವಾ? ಮಾತು ಮರೆಸೋಕೆ ಕೇಳ್ತಿಲ್ಲ ಅಲ್ವಾ?... ನನ್ನಾಣೆ?

...ಬೆಳಿಗ್ಗೆ ನನ್ನ ಹತ್ರ ಮಾತಾಡಿದ್ದು ನೆನಪಿದೆಯಾ? ಲಾಡ್ಜಿಂದ ಮಾಡಿದ್ಯಲ್ಲ, ಪಕ್ಕದ ರೂಮಲ್ಲಿ ಯಾರೋ ನಲ್ಲಿ ಬಿಟ್ಟುಬಿಟ್ಟಿದಾರೆ ಅಂತ ರೇಗಾಡ್ತಿದ್ದೆ?

...ಇಲ್ವಾ.

...ಏನೂ ಇಲ್ಲ. ಇಲ್ಲ ಮರೀ, ಏನೂ ಇಲ್ಲ. ನೀನು ಸುಳ್ಳು ಹೇಳ್ತಿದೀಯ ಅಂತ ಬೆಳಗಿಂದ ಕುದೀತಿದ್ದೆ ನಾನು. ಸುಳ್ಳೇ ಆಗಿದ್ರೆ ಚೆನ್ನಾಗಿತ್ತು... ಇರಲಿ. ಸೀಟಿ ಅಕ್ಕ ಅಲ್ಲೇ ಇದಾರಾ? ಒಂದು ನಿಮಿಷ ಅವರಿಗೆ ಕೊಡು ಫೋನು. ನಿನ್ನ ಮೇಲೆ ದೂರು ಹೇಳೋಕಲ್ಲ, ಕೊಡು.

...ಹಲೋ ಟೀಚರ್, ನಮಸ್ಕಾರ. ಹೂಂ, ಅವಳ ತಾಯಿ. ಅವಳಿಗೆ ಕೇಳಿಸದ ಹಾಗೆ ಸ್ವಲ್ಪ ಆಚೆ ಬನ್ನಿ... ಬಂದ್ರಾ? ಟೀಚರ್, ಇವಳು ಶುಕ್ರವಾರ ತಲೆ ಬಡಿದುಕೊಂಡು ಬಿದ್ದಿದಾಳೆ. ನಿಮಗೂ ಹೇಳಿಲ್ಲ ತಾನೇ?... ನಂಗೂ ಹೇಳಿರಲಿಲ್ಲ. ಕೇಳಿದ್ದೇ ಕೇಳ್ತಿದಾಳೆ. ಈ ಒಂದು ಫೋನಲ್ಲೇ ಮೂರು ಸಲ ಆಯ್ತು. ಅಲ್ಲೇನಾದ್ರೂ ನಿಮಗೆ...

...ನಿಮ್ಮನ್ನೂ ಕೇಳಿದ್ಲಾ? ಎಷ್ಟೊತ್ತಿಗೆ ಸ್ಟಾರ್ಟು ಅಂತಾನಾ? ಮತ್ತೆ ಮತ್ತೆನಾ?... ಹೌದು, ರೇಸ್ ಅಂದ್ರೆ ಎಲ್ಲರಿಗೂ ದಿಗಿಲೇ, ನೀವು ಹಾಗಂದ್ಕೊಂಡಿರ್ತೀರ. ನಿಮ್ಮ ತಪ್ಪೇನಿದೆ ಅದರಲ್ಲಿ. ಒಂದೇ ಮನೇಲಿದ್ದು ನಾನೇ ಹುಡುಗ ಅಂದ್ಕೊಂಡೆ.

...ಹೂಂ. ಹೂಂ. ರೇಸಿಗೆ ಅಂತ ಒಂದು ಆಂಬ್ಯುಲೆನ್ಸ್ ನಿಂತಿರುತ್ತಲ್ಲ, ಮೊದಲು ಅದರೊಳಗೆ ಕೂರಿಸಿ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ ಕೇಳಿ. ಸೈಕಲ್ ಮುಟ್ಟೋಕೆ ಬಿಡಬೇಡಿ, ನಡೀತೀನಿ ಅಂದ್ರೂ ಕೈ ಹಿಡ್ಕೊಳ್ಳಿ... ನಿಮ್ಮ ರೇಸೂ ಹೋಗುತ್ತೆ, ಅಲ್ವಾ ಟೀಚರ್?... ಅಯ್ಯೋ, ಏನಂತ ಹೇಳ್ಲಿ ನಿಮಗೆ... ಸರಿ. ಅವಳಿಗೇ ಕೊಡಿ. ನಾನೇ ಹೇಳ್ತೀನಿ.

...ಮರೀ, ಕೇಳು. ಇವತ್ತು ಬೇಡ.

...ಮೂರು ವರ್ಷ ಹೌದು. ಹೌದು ಕಣೇ. ಕಿರುಚು, ಪರವಾಗಿಲ್ಲ. ನನ್ನನ್ನೇ ಬೈ. ಅಮ್ಮ ನನ್ನ ಕಾಲು ಹಿಡಿದು ಎಳೆದಳು ಅಂತ ಊರೆಲ್ಲ ಹೇಳ್ಕೊಂಡು ಬಾ. ನಾಳೆ ನೀನು ಹಾಗೆ ಹೇಳೋಕೆ ನೆನಪಿಟ್ಕೊಂಡ್ರೆ ಸಾಕು ನಂಗೆ.

...ನಿಂಗೇನೂ ಆಗಿಲ್ಲ ಅಂತೀಯ. ಸರಿ, ಒಂದು ಕೇಳ್ತೀನಿ. ಹೆಲ್ಮೆಟ್ಟು ಎಲ್ಲಿ ಸಿಕ್ತು ಅಂತ ಆಗಲೇ ಹೇಳ್ದೆ, ಎಲ್ಲಿ ಹೇಳು?

...ಯೋಚ್ನೆ ಮಾಡು. ಅವಸರ ಇಲ್ಲ.

...ಹೂಂ. ನೆನಪಾಗ್ತಿಲ್ಲ ಅಲ್ವಾ? ಹೆದರಬೇಡ. ಅಮ್ಮ ಹೆದರಿದಾಳಾ? ಇಲ್ಲ ತಾನೇ? ಅಪ್ಪ ಆಗಲೇ ಷರಟು ಹಾಕ್ಕೊಳ್ತಿದಾರೆ, ಕೈಯೆಲ್ಲ ಎಣ್ಣೆ, ಷರಟಿಗೂ ಎಣ್ಣೆ. ಇಬ್ಬರೂ ಹೊರಡ್ತೀವಿ ಈಗ.

...ಬೆನ್ನಿಗೆ ನಂಬರು ಚುಚ್ಚಿದೀಯಲ್ಲ, ಅದನ್ನ ಸೀಟಿ ಅಕ್ಕನ ಕೈಲಿ ಬಿಚ್ಚಿಸು. ಬಿಚ್ಚಿದ್ರೆ ಆಯ್ತು, ಆಮೇಲೆ ನಿನ್ನನ್ನ ಯಾರೂ ಲೈನಿಗೆ ಕರೆಯಲ್ಲ... ಬಗ್ಗು ಸ್ವಲ್ಪ. ಅವರಿಗೆ ಬಿಡು. ಬಿಚ್ಚಿದ್ರಾ?... ಆ ಕಡೆ ಪಿನ್ನು? ಅದೂನಾ?... ಜಾಣೆ. ನಂಬರು ಮಡಚಿ ಜೇಬಲ್ಲಿಟ್ಕೋ, ಬಿಸಾಕಬೇಡ. ಅದು ನಿಂದೇ.

...ಅಲ್ಲಿ ಏನದು ಸದ್ದು?... ಸೀಟಿನಾ? ಹೊರಟ್ರಾ ಎಲ್ಲರೂ?... ನೋಡಬೇಡ ಆ ಕಡೆ. ಇಲ್ಲಾ, ನೋಡು. ನೋಡು, ಪರವಾಗಿಲ್ಲ. ನಾನಿದೀನಿ ಲೈನಲ್ಲಿ.

...ಆಂಬ್ಯುಲೆನ್ಸಲ್ಲಿ ಕೂತ್ಯಾ? ಸೀಟಿ ಅಕ್ಕನೂ ಹತ್ತಿದ್ರಾ? ಸರಿ. ಕಣ್ಣಿಗೆ ಬಿಸಿಲು ಹೊಡೀತಿದ್ರೆ ಅವರ ಕೈ ಅಡ್ಡ ಹಿಡಿಯೋಕೆ ಹೇಳು. ಮಾತಾಡ್ತಾ ಇರು, ಏನಾದ್ರೂ ಮಾತಾಡು... ಹಲೋ? ನಿಂತು ನಿಂತು ಕೇಳಿಸ್ತಿದೆ...

...ಏನು ಮರೀ?

...ನಿನ್ನ ಫೋನಾ? ಇದೆ ಕಣೇ, ಮನೇಲೇ ಇದೆ. ಎಲ್ಲಿತ್ತು ಹೇಳು ನೋಡೋಣ? ಫ್ರಿಜ್ಜಲ್ಲಿ! ಬೆಣ್ಣೆ ಡಬ್ಬಿ ಪಕ್ಕ, ಮಹಾರಾಣಿ ಹಾಗೆ ತಣ್ಣಗೆ ಕೂತಿತ್ತು... ನಗು, ನಗು.

...ಇಲ್ಲಪ್ಪ, ಮೊದಲು ಯಾವಾಗ ಕೇಳಿದ್ದೆ? ಇದೇ ಮೊದಲ ಸಲ ನೀನು ಕೇಳ್ತಿರೋದು... ಹೂಂ, ನಿಜವಾಗ್ಲೂ... ಹಲೋ? ಮರೀ, ಕೇಳಿಸ್ತಿದೆಯಾ? ಹಲೋ... ಹಲೋ...