ಲಾಕ್ ಬೀಳುವ ಸದ್ದು

ಕಿವಿ ಡಾಕ್ಟರರ ಬಾಗಿಲಲ್ಲಿ ನನ್ನ ಪಕ್ಕ ಒಬ್ಬ ಮೆಕ್ಯಾನಿಕ್ ತನ್ನ ಭಾವಮೈದುನನೊಂದಿಗೆ ಕುಳಿತಿದ್ದ. ಮೆಕ್ಯಾನಿಕ್ಕನ ಕಿವಿ ಮಂದವಾಗಿದ್ದುದರಿಂದ ಅವರ ಮಾತೆಲ್ಲ ನನಗೂ ಕೇಳಿಸಿತು.

"ನಿನ್ನೆ ಕಾರು ಎತ್ತಿದಾಗ ಲಿಫ್ಟಿನ ಲಾಕ್ ಬಿದ್ದಿರಲಿಲ್ಲ, ಭಾವ. ನೀವಾಗಲೇ ಕೆಳಗೆ ನುಗ್ಗಿದ್ರಿ. ಕಾರು ಜಾರಿ ಮೇಲೆ ಬಿದ್ದಿದ್ರೆ?"

"ಬಿತ್ತು ಅಂದ್ಕೊಂಡೆ ಕಣೋ."

"ಅಪ್ಪ ಇದ್ದಿದ್ರೆ ಸ್ಪ್ಯಾನರಲ್ಲೇ ಬಡೀತಿದ್ದ."

"ಲಿಫ್ಟ್ ಏರುವಾಗ ಮಾವ ರೇಡಿಯೋನೇ ಆರಿಸೋರು. ಗಿರಾಕಿ ಕೆಮ್ಮಿದ್ರೂ ಗುರಾಯಿಸೋರು. ಲಾಕ್ ಟಕ್ ಅಂತ ಬಿದ್ದ ಮೇಲೇ ನಮಗೆಲ್ಲ ಉಸಿರು."

"ಹೆಣ್ಣು ಕೇಳೋಕೆ ಬಂದಾಗ ನಿಮ್ಮನ್ನೂ ಲಿಫ್ಟ್ ಪಕ್ಕ ನಿಲ್ಲಿಸಿದ್ನಂತೆ?"

"ಹೂಂ, ಹೊಸ ಶರ್ಟಲ್ಲಿ. 'ಕೇಳಿಸ್ತಾ?' ಅಂದ್ರು. 'ಕೇಳಿಸ್ತು' ಅಂದೆ. 'ಹಾಗಾದ್ರೆ ಮನೇಲಿ ಹೋಗಿ ಕೂತ್ಕೋ' ಅಂದ್ರು. ಅಷ್ಟೇ ನನ್ನ ಪರೀಕ್ಷೆ."

ಇಬ್ಬರೂ ಸ್ವಲ್ಪ ಹೊತ್ತು ನಕ್ಕರು.

"ಇನ್ಮೇಲೆ ನಾನು ಕೇಳಿಸ್ಕೊಂಡು ಹೇಳ್ತೀನಿ. ಆಮೇಲೆ ನೀವು ಕೆಳಗೆ ಹೋಗಿ."

"ಬೇಡಪ್ಪ. ಬೇರೆಯವರ ಕಿವಿ ನಂಬಿ ಕಾರಿನ ಕೆಳಗೆ ಹೋಗಬೇಡ ಅಂದೋರು ನಿಮ್ಮಪ್ಪಾನೇ."

"ಕಿವಿಗೆ ಮಿಷಿನ್ ಹಾಕಿದ್ರೂ ಕೇಳಿಸದಿದ್ರೆ?"

"ಗಾಡಿ ಕೆಳಗಿನ ಕೆಲಸ ಬಿಟ್ಟೆ ಅಂತ ಲೆಕ್ಕ. ಬಾನೆಟ್ ಎತ್ತಿಕೊಂಡೇ ಬದುಕ್ತೀನಿ."

ಒಳಗಿಂದ ಕರೆದರು. ಭಾವಮೈದುನ ಅವನ ಮೊಣಕಾಲು ತಟ್ಟಿದ. ಮೆಕ್ಯಾನಿಕ್ ಎದ್ದು ಶರ್ಟು ಸರಿಮಾಡಿಕೊಂಡ.

"ಡಾಕ್ಟರಿಗೆ ನೀನೇ ಹೇಳು. ನಿಮ್ಮಕ್ಕನ ಬೈಗುಳ ಕೇಳಿಸದಿದ್ರೂ ನಡೀತದೆ. ಆ ಟಕ್ ಒಂದು ಕೇಳಿಸಲಿ."